ಆರು ತಿಂಗಳ ಕೋಟೆ

(ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಶಾಲಾ ಮಕ್ಕಳು ಹಾಗೂ ಗ್ರಾಮಸ್ಥರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಕೋಟೆಯ ಬಗ್ಗೆ ಮಾತನಾಡಬೇಕು ಎಂದು ಇಲ್ಲಿನ ಮೇಷ್ಟ್ರು ಕರೆದಾಗ ನನಗೆ ಸ್ವಲ್ಪ ಅಳುಕಾಯಿತು. ಕೋಟೆ ಎಂದರೇನು ಎಂದು ಕುಣಿಗಲ್ ತಾಲ್ಲೂಕಿನವರಿಗೆ ಹೊರಗಿನಿಂದ ಬಂದವರು ಹೇಳಬೇಕಾಗಿಲ್ಲ. ನಿಮ್ಮ ಎರಡು ಹೋಬಳಿಗಳ ಹೆಸರಿನಲ್ಲೇ ದುರ್ಗವಿದೆ. ಒಂದು ಹುಲಿಯೂರುದುರ್ಗ, ಇನ್ನೊಂದು ಹುತ್ರಿದುರ್ಗ. ಬಂಡೆಯ ನೆತ್ತಿಗೆ ಕಲ್ಲಿನ ಗೋಡೆ ಸುತ್ತಿದ ಈ ಬೆಟ್ಟಗಳನ್ನು ನೀವು ದನ ಮೇಯಿಸುತ್ತ, ಹಬ್ಬಕ್ಕೆ ಹತ್ತಿ ಇಳಿಯುತ್ತ ನೋಡಿಕೊಂಡೇ ಬೆಳೆದವರು. ಆದ್ದರಿಂದ ನಾನು ಇನ್ನೊಂದು ಜಾತಿಯ ಕೋಟೆಯ ಕಥೆ ಹೇಳುತ್ತೇನೆ. ಬೆಟ್ಟದ ಮೇಲಿನದಲ್ಲ, ನದಿಯ ದಡದ್ದು. ಆ ಕಥೆಯ ನಡುವೆ ನಿಮ್ಮ ಈ ಎರಡು ಬೆಟ್ಟಗಳೂ ಬರುತ್ತವೆ. ಅದಕ್ಕೇ ಇಲ್ಲಿಗೆ ಬರಲು ಒಪ್ಪಿಕೊಂಡೆ.

ನಮ್ಮ ಹಿಂದಿನವರು ಕೋಟೆಗಳನ್ನು ಗಿರಿದುರ್ಗ, ಜಲದುರ್ಗ, ವನದುರ್ಗ ಎಂದು ವಿಂಗಡಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಈ ಬಗೆಯ ವಿಂಗಡಣೆ ಇದೆ. ನಿಮ್ಮವು ಗಿರಿದುರ್ಗಗಳು. ಜಲದುರ್ಗಕ್ಕೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಶ್ರೀರಂಗಪಟ್ಟಣ. ಮೈಸೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಎಲ್ಲರೂ ನೋಡಿರುತ್ತೇವೆ. ಕಾವೇರಿಗೆ ಒಂದು ಕಾಸು ಎಸೆದು ಕೈ ಮುಗಿಯುತ್ತೇವೆ, ಅಷ್ಟರಲ್ಲಿ ಗೋಡೆ ಹಿಂದಾಗಿರುತ್ತದೆ.

ಶಾಲೆಯ ಪುಸ್ತಕದಲ್ಲಿ ಈ ಕೋಟೆಯ ಕಥೆ ಎರಡು ಸಾಲಿನಲ್ಲಿ ಮುಗಿಯುತ್ತದೆ. 1799ರ ಮೇ 4ರಂದು ಬ್ರಿಟಿಷರು ಲಗ್ಗೆ ಹಾಕಿದರು, ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ. ಮೇ 4 ಎಂಬ ಆ ತಾರೀಖನ್ನು ನಾನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದು ಮೇ ತಿಂಗಳೇ ಏಕೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಪತ್ರಿಕೆಗೆ ಸೇರಿದ ಮೇಲೆ ಒಮ್ಮೆ ಬೇಸಿಗೆಯಲ್ಲಿ ಆ ಕೋಟೆಯ ಪಶ್ಚಿಮದ ಮೂಲೆಗೆ ಹೋಗಿ ನಿಂತಾಗ ಆ ಪ್ರಶ್ನೆ ಹುಟ್ಟಿತು. ಗೋಡೆ ಒಡೆದ ಜಾಗದಲ್ಲಿ ನಿಂತು ಕೆಳಗೆ ನೋಡಿದರೆ ನದಿಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಾಗಿತ್ತು. ಒಬ್ಬಾತ ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ ಕಾಲಿಡುತ್ತ ನದಿಯ ನಡುವಿಗೆ ಬಂದಿದ್ದ. ದಕ್ಷಿಣ ಭಾರತದಲ್ಲೇ ಬಲವಾದದ್ದು ಎನಿಸಿಕೊಂಡಿದ್ದ ಕೋಟೆಯ ಕಂದಕವನ್ನು ಒಬ್ಬ ಮನುಷ್ಯ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದ!

ನಾನು ಹೇಳಬೇಕೆಂದಿರುವುದು ಇದನ್ನೇ. ಶ್ರೀರಂಗಪಟ್ಟಣಕ್ಕೆ ಇದ್ದದ್ದು ಎರಡು ಗೋಡೆ. ಒಂದು ಕಲ್ಲಿನದು, ಇನ್ನೊಂದು ನೀರಿನದು. ಕಲ್ಲಿನ ಗೋಡೆ ವರ್ಷವಿಡೀ ನಿಲ್ಲುತ್ತಿತ್ತು. ನೀರಿನ ಗೋಡೆ ಆರು ತಿಂಗಳು ಮಾತ್ರ.

ಮೊದಲು ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಪಶ್ಚಿಮದಿಂದ ಬರುವ ಕಾವೇರಿ ಇಲ್ಲಿ ಎರಡು ಕವಲಾಗಿ ಒಡೆಯುತ್ತದೆ. ಸುಮಾರು ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲದ ನಡುಗಡ್ಡೆಯನ್ನು ತೋಳಿನಲ್ಲಿ ತಬ್ಬಿಕೊಂಡಂತೆ ಸುತ್ತಿ, ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ಅದೇ ಸಂಗಮ. ಕೋಟೆ ಇರುವುದು ನಡುಗಡ್ಡೆಯ ಪಶ್ಚಿಮದ ತುದಿಯಲ್ಲಿ, ನದಿ ಒಡೆಯುವ ಕಡೆ. ನದಿಗೆ ಮುಖ ಮಾಡಿದ ಬದಿಗೆ ನದಿಯೇ ಕಂದಕ. ನೆಲದ ಕಡೆಗೆ, ಎಂದರೆ ನಡುಗಡ್ಡೆಯ ಉಳಿದ ಭಾಗದ ಕಡೆಗೆ, ಬಂಡೆ ಕಡಿದು ತೋಡಿದ ಕಂದಕಗಳು. ಒಂದರ ಹಿಂದೆ ಒಂದು ಗೋಡೆ, ನಡುನಡುವೆ ಬುರುಜು. ಬೆಂಗಳೂರು ಬಾಗಿಲು, ಮೈಸೂರು ಬಾಗಿಲು, ಆನೆ ಬಾಗಿಲು, ನದಿಗೆ ಇಳಿಯುವ ನೀರ್ಬಾಗಿಲು. ಒಳಗೆ ರಂಗನಾಥನ ಗುಡಿ, ಅರಮನೆ, ಮಸೀದಿ, ಪೇಟೆ, ಸೆರೆಮನೆ, ಮದ್ದಿನ ಮನೆ. ಇದು ಬರೀ ಸೈನಿಕರ ಠಾಣ್ಯವಾಗಿರಲಿಲ್ಲ. ಗೋಡೆಯೊಳಗೇ ಒಂದು ಇಡೀ ಊರು ಸಂಸಾರ ಮಾಡುತ್ತಿತ್ತು.

ಊರಿಗಿಂತ ದೇವಸ್ಥಾನ ಹಳೆಯದು. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಎಂಬಾತ ರಂಗನಾಥನ ಗುಡಿ ಕಟ್ಟಿಸಿದನೆಂದು ಹೇಳುತ್ತಾರೆ. ಕೋಟೆ ಬಂದದ್ದು ಐದೂವರೆ ಶತಮಾನದ ನಂತರ. ನಿಮ್ಮ ನೆರೆಯ ನಾಗಮಂಗಲದ ಹೆಬ್ಬಾರ ತಿಮ್ಮಣ್ಣ 1454ರಲ್ಲಿ ವಿಜಯನಗರದ ಅರಸರ ಅಪ್ಪಣೆ ಪಡೆದು ಇಲ್ಲಿ ಕೋಟೆ ಕಟ್ಟಿಸಿದನೆಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಆತನಿಗೆ ನಿಧಿ ಸಿಕ್ಕಿತ್ತೆಂಬ ಕಥೆಯೂ, ಕಳಸವಾಡಿಯ 101 ಜೈನ ಬಸದಿಗಳ ಕಲ್ಲನ್ನು ತಂದು ದೇವಸ್ಥಾನವನ್ನು ದೊಡ್ಡದು ಮಾಡಿಸಿದನೆಂಬ ಕಥೆಯೂ ಅವುಗಳಲ್ಲಿವೆ. ನಿಧಿಯ ಕಥೆ ನಮ್ಮ ಎಲ್ಲ ಕೋಟೆಗಳಿಗೂ ಇದೆ, ಅದನ್ನು ಬಿಡೋಣ. ಆದರೆ ಒಬ್ಬರ ಗುಡಿಯ ಕಲ್ಲು ಇನ್ನೊಬ್ಬರ ಗುಡಿಗೆ ಹೋಗುವುದು ನಮ್ಮ ಚರಿತ್ರೆಯಲ್ಲಿ ಅಪರೂಪವಲ್ಲ. ಮುಂದೆ ಈ ಕೋಟೆಯ ಕಲ್ಲಿಗೂ ಅದೇ ಗತಿ ಬಂತು.

ವಿಜಯನಗರದ ಪ್ರತಿನಿಧಿಗಳು ಇಲ್ಲಿ ಕುಳಿತು ದಕ್ಷಿಣದ ಸೀಮೆಯನ್ನು ಆಳಿದರು. 1610ರಲ್ಲಿ ಮೈಸೂರಿನ ರಾಜ ಒಡೆಯರು ವೃದ್ಧ ತಿರುಮಲರಾಯನಿಂದ ಪಟ್ಟಣವನ್ನು ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡರು. ಮೈಸೂರಿನ ದಸರಾ ಮೊದಲು ನಡೆದದ್ದು ಇಲ್ಲಿ, ಆ ವರ್ಷ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಿಜಾಪುರದ ರಣದುಲ್ಲಾ ಖಾನನ ದಂಡು ಬಂದು ಮುತ್ತಿತು, ಸೋತು ಹಿಂತಿರುಗಿತು. ಇದೇ ಅರಸರು ನದಿಗೆ ಅಡ್ಡಗಟ್ಟೆ ಹಾಕಿ ಬಂಗಾರದೊಡ್ಡಿ ನಾಲೆಯನ್ನು ತಂದರು. ಆ ನಾಲೆ ನದಿಯ ಒಂದು ಕವಲನ್ನು ಕಲ್ಲಿನ ಸೇತುವೆಯ ಮೇಲೆ ದಾಟಿ ನಡುಗಡ್ಡೆಗೆ ನೀರು ತರುತ್ತದೆ. ಸುತ್ತ ನದಿ ಇದ್ದರೂ ನಡುಗಡ್ಡೆಯ ಹೊಲಕ್ಕೆ ನೀರನ್ನು ನದಿಯ ಮೇಲೆಯೇ ದಾಟಿಸಿ ತರಬೇಕಾಯಿತು. ನದಿ ಕೆಳಗೆ, ನೆಲ ಮೇಲೆ. ಕೆರೆ ಕೆಳಗಿನ ಗದ್ದೆಯವರಾದ ನಿಮಗೆ ಈ ತೊಡಕು ಬೇಗ ಅರ್ಥವಾಗುತ್ತದೆ.

ನದಿಯನ್ನು ನಂಬಿ ಗೋಡೆ ಕಟ್ಟಿದವರು ನಾವು ಮಾತ್ರವಲ್ಲ. ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಬ್ರಿಟನಿ ಎಂಬ ಸೀಮೆ ಇದೆ. ಅಲ್ಲಿ ರಾನ್ಸ್ ನದಿಯ ಮೇಲ್ಗಡೆ ದಿನಾನ್ ಎಂಬ ಮಧ್ಯಯುಗದ ಊರು. ನದಿಗಿಂತ ಸುಮಾರು 75 ಮೀಟರ್ ಎತ್ತರದ ದಿಬ್ಬದ ಮೇಲೆ, ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಸುತ್ತಳತೆಯ ಗೋಡೆ. ಹದಿಮೂರನೆಯ ಶತಮಾನದಿಂದ ಕಟ್ಟುತ್ತ ಬಂದದ್ದು ಇಂದಿಗೂ ಬಹುಪಾಲು ನಿಂತಿದೆ. ಕೆಳಗಿನ ಬಂದರಿನಿಂದ ಊರಿಗೆ ಹತ್ತಲು ಕಡಿದಾದ ಕಲ್ಲುಹಾಸಿನ ಒಂದು ಓಣಿ. ಆ ನದಿ ಸಮುದ್ರ ಸೇರುವ ಕಡೆ ಉಬ್ಬರವಿಳಿತ ಭಾರಿ. ಹನ್ನೆರಡು, ಹದಿಮೂರು ಮೀಟರಿನಷ್ಟು ನೀರು ಏರಿ ಇಳಿಯುವುದುಂಟು. ದಿನಕ್ಕೆ ಎರಡು ಬಾರಿ ತುಂಬಿ ಎರಡು ಬಾರಿ ಬರಿದಾಗುವ ನದಿಮುಖ ಅದು. ನಮ್ಮ ಕಾವೇರಿಯದು ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತ. ದಿನಾನ್‌ನವರು ಗಂಟೆ ನೋಡಿ ನದಿಯನ್ನು ಲೆಕ್ಕ ಹಾಕಿದರೆ ಪಟ್ಟಣದವರು ಪಂಚಾಂಗ ನೋಡಿ ಲೆಕ್ಕ ಹಾಕಬೇಕಿತ್ತು.

ಆ ಪಂಚಾಂಗ ಹೀಗಿತ್ತು. ಜೂನ್ ಹುಟ್ಟುತ್ತಲೇ ಕೊಡಗಿನಲ್ಲಿ ಮುಂಗಾರು ಹಿಡಿಯುತ್ತದೆ. ಕೆಲವೇ ದಿನಗಳಲ್ಲಿ ಪಟ್ಟಣದ ಬಳಿ ನೀರು ಕೆಂಪಾಗಿ ಏರತೊಡಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಂಡೆಯೆಲ್ಲ ಮುಳುಗಿ, ಹರಿಗೋಲು ಹಾಕುವವನೂ ಎರಡು ಸಲ ಯೋಚಿಸುವಷ್ಟು ಸೆಳವು. ಕಾರ್ತಿಕ ಕಳೆದ ಮೇಲೆ ನದಿ ಇಳಿಯುತ್ತದೆ. ಸಂಕ್ರಾಂತಿಯ ನಂತರ ಅಲ್ಲಲ್ಲಿ ಕಾಲ್ನಡೆಯಲ್ಲೇ ದಾಟಬಹುದು. ಯುಗಾದಿಯ ಹೊತ್ತಿಗೆ ಬಂಡೆಗಳು ಮೈ ಕಾಯಿಸಿಕೊಳ್ಳುತ್ತಿರುತ್ತವೆ. ದೂರದಿಂದ ದಂಡೆತ್ತಿ ಬರುವವನು ಈ ಒಣಗಾಲದಲ್ಲೇ ಬರಬೇಕು, ಮುಂಗಾರಿಗೆ ಮೊದಲೇ ಮುಗಿಸಬೇಕು. ಒಳಗಿರುವವನಿಗೆ ಗೆಲ್ಲಬೇಕಾದ ಅಗತ್ಯವೇ ಇಲ್ಲ. ಜೂನ್ ತನಕ ಸೋಲದೆ ಇದ್ದರೆ ಸಾಕು, ಉಳಿದದ್ದನ್ನು ಕಾವೇರಿ ನೋಡಿಕೊಳ್ಳುತ್ತಾಳೆ.

1791ರಲ್ಲಿ ಹಾಗೆಯೇ ಆಯಿತು. ಲಾರ್ಡ್ ಕಾರ್ನ್‌ವಾಲಿಸ್ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, ಮೇ ತಿಂಗಳಲ್ಲಿ ಪಟ್ಟಣದ ಮೇಲೆ ಬಂದ. ತಡವಾಗಿ ಬಂದ ಎಂಬುದೇ ಅವನ ಮೊದಲ ಸೋಲು. ಟಿಪ್ಪು ದಾರಿಯುದ್ದಕ್ಕೂ ಮೇವನ್ನು ಸುಡಿಸಿ, ಊರುಗಳನ್ನು ಬರಿದು ಮಾಡಿಸಿದ್ದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಬ್ರಿಟಿಷರದೇ ಮೇಲುಗೈ. ಆದರೆ ಗೆದ್ದು ಮಾಡುವುದೇನು? ದೊಡ್ಡ ಫಿರಂಗಿಗಳನ್ನು ಎಳೆಯುವ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಮಳೆ ಹಿಡಿಯಿತು. ದಂಡಿನಲ್ಲಿ ಸಿಡುಬು ಕಾಣಿಸಿಕೊಂಡಿತು. ಪಶ್ಚಿಮದಿಂದ ಬರುತ್ತಿದ್ದ ಇನ್ನೊಂದು ಬ್ರಿಟಿಷ್ ದಳವನ್ನು ಕೂಡಿಕೊಳ್ಳಲೆಂದು ಕಣ್ಣಂಬಾಡಿಯವರೆಗೆ ಹೋದ ಕಾರ್ನ್‌ವಾಲಿಸ್, ಮುತ್ತಿಗೆಗೆಂದು ತಂದಿದ್ದ ಭಾರಿ ತೋಪುಗಳನ್ನು ಅಲ್ಲೇ ತನ್ನ ಕೈಯಾರೆ ಹಾಳು ಮಾಡಿ ಮೇ ಕೊನೆಗೆ ಹಿಂತಿರುಗಿದ. ಹೊರಟ ಮೇಲೆ ಮೇಲುಕೋಟೆಯ ಆಸುಪಾಸಿನಲ್ಲಿ ಅವನ ಮಿತ್ರರಾದ ಮರಾಠರ ದಂಡು ಧಾನ್ಯದೊಂದಿಗೆ ಎದುರಾಯಿತು. ಕೆಲವೇ ದಿನ ಮೊದಲು ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಅಂದು ಪಟ್ಟಣವನ್ನು ಉಳಿಸಿದ್ದು ಮಳೆ, ಹಸಿವು ಮತ್ತು ಟಿಪ್ಪುವಿನ ತಾಳ್ಮೆ.

ಇಲ್ಲಿ ನಿಮ್ಮ ಬೆಟ್ಟಗಳು ಕಥೆಗೆ ಬರುತ್ತವೆ. ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ಸಲ ಬೇಸಿಗೆಯ ಆರಂಭದಲ್ಲೇ ಹೊರಡಬೇಕು, ಬೆಂಗಳೂರಿನಿಂದ ಪಟ್ಟಣದವರೆಗೆ ಧಾನ್ಯದ ದಾರಿ ತೆರೆದಿರಬೇಕು ಎಂದು ತೀರ್ಮಾನಿಸಿದ. ಆ ದಾರಿಯನ್ನು ಮೇಲಿನಿಂದ ನೋಡುತ್ತ ಕುಳಿತಿದ್ದವು ಗಿರಿದುರ್ಗಗಳು. ಮಳೆಗಾಲ ಕಳೆಯುತ್ತಲೇ ಒಂದೊಂದಾಗಿ ಅವುಗಳ ಮೇಲೆ ಬಿದ್ದ. ಅಕ್ಟೋಬರ್‌ನಲ್ಲಿ ನಂದಿದುರ್ಗ. ಡಿಸೆಂಬರ್ 21ರಂದು ಸಾವನದುರ್ಗ. ಅದಾದ ಮೂರೇ ದಿನಕ್ಕೆ ಹುತ್ರಿದುರ್ಗ. ಹುಲಿಯೂರುದುರ್ಗವೂ ಅದೇ ವರ್ಷ ಕೈಬಿಟ್ಟಿತು. ಹುತ್ರಿದುರ್ಗವನ್ನು ಅವರು ದಂಡಿನ ಆಸ್ಪತ್ರೆಯನ್ನಾಗಿಯೂ ಉಗ್ರಾಣವನ್ನಾಗಿಯೂ ಮಾಡಿಕೊಂಡರು. ಲಂಬಾಣಿಗಳ ಹೇರೆತ್ತುಗಳು ಸಾಲುಗಟ್ಟಿ ಧಾನ್ಯ ತಂದವು. 1792ರ ಜನವರಿಯ ಕೊನೆಗೆ ದಂಡು ಜಮಾಯಿಸಿದ್ದು ಇದೇ ಸೀಮೆಯಲ್ಲಿ. ಇಲ್ಲಿಂದ ಹೊರಟದ್ದು ಫೆಬ್ರುವರಿ 5ಕ್ಕೆ ಪಟ್ಟಣದ ಎದುರು ಬೀಡುಬಿಟ್ಟಿತು. ಮುಂಗಾರಿಗೆ ಇನ್ನೂ ನಾಲ್ಕು ತಿಂಗಳು! ಹಿಂದಿನ ವರ್ಷ ಬಂದದ್ದಕ್ಕಿಂತ ಮೂರು ತಿಂಗಳು ಮೊದಲು.

ಮರುದಿನ ರಾತ್ರಿಯೇ ನದಿಯ ಉತ್ತರ ದಡದ ಬೇಲಿ ದಾಟಿ ಲಗ್ಗೆ. ಬೆಳಗಾಗುವಷ್ಟರಲ್ಲಿ ಅವರ ದಳಗಳು ನದಿ ದಾಟಿ ನಡುಗಡ್ಡೆಯ ಪೂರ್ವ ಭಾಗದಲ್ಲಿದ್ದವು. ಫೆಬ್ರುವರಿಯ ನದಿ ಯಾರನ್ನೂ ತಡೆಯಲಿಲ್ಲ. ಕೋಟೆ ಬೀಳಲಿಲ್ಲ, ಆದರೆ ಟಿಪ್ಪು ಒಪ್ಪಂದಕ್ಕೆ ಬರಬೇಕಾಯಿತು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. ಶಾಲೆಯಲ್ಲಿ ಈ ಒಪ್ಪಂದವನ್ನು ಓದುವಾಗ ಹುತ್ರಿದುರ್ಗದ ಹೆಸರು ಬರುವುದಿಲ್ಲ. ಗೈಡ್‌ಪುಸ್ತಕದಲ್ಲಂತೂ ಇಲ್ಲವೇ ಇಲ್ಲ. ಪಟ್ಟಣದ ನದಿಯನ್ನು ಬೇಸಿಗೆಯಲ್ಲಿ ದಾಟಲು ಸಾಧ್ಯವಾದದ್ದು ಈ ಬೆಟ್ಟದ ಮೇಲಿನ ಅಕ್ಕಿಯ ಮೂಟೆಗಳಿಂದ ಎಂದರೆ ಅತಿಶಯವಾಗಲಾರದು.

ಅದಾದ ಏಳು ವರ್ಷ ಟಿಪ್ಪು ಸುಮ್ಮನೆ ಕೂರಲಿಲ್ಲ. ಕೋಟೆಗೆ ಒಳಗಿನಿಂದ ಇನ್ನೊಂದು ಗೋಡೆ, ಇನ್ನೊಂದು ಕಂದಕ ಸೇರಿಸುವ ಕೆಲಸ ನಡೆಸಿದ. ಅದು ಪೂರ್ತಿ ಮುಗಿಯಲೂ ಇಲ್ಲ.

1799ರಲ್ಲಿ ಬಂದದ್ದು ಜನರಲ್ ಹ್ಯಾರಿಸ್. ಫೆಬ್ರುವರಿಯಲ್ಲಿ ವೆಲ್ಲೂರಿನಿಂದ ಹೊರಟವನು ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವನ್ನು ಎದುರಿಸಿದ. ಟಿಪ್ಪು ನೇರ ದಾರಿಯ ಮೇವನ್ನೆಲ್ಲ ಮತ್ತೆ ಸುಡಿಸಿದ್ದ. ಹ್ಯಾರಿಸ್ ಆ ದಾರಿ ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ನದಿಯ ದಕ್ಷಿಣಕ್ಕೆ ಬಂದುಬಿಟ್ಟ. ಏಪ್ರಿಲ್ ಮೊದಲ ವಾರ ಕೋಟೆಯ ನೈರುತ್ಯಕ್ಕೆ ಬೀಡು. ಏಪ್ರಿಲ್ ನಡುವಿನಲ್ಲಿ ಉಗ್ರಾಣ ಎಣಿಸಿದಾಗ ಎದೆ ಧಸಕ್ಕೆಂದಿತು. ಅಕ್ಕಿ ಅರ್ಧ ಪಡಿಯಂತೆ ಹಂಚಿದರೂ ಮೇ ಮೊದಲ ವಾರಕ್ಕೆ ಮುಗಿಯುವಂತಿತ್ತು. ಒಂದು ಕಡೆ ಅಕ್ಕಿಯ ಲೆಕ್ಕ, ಇನ್ನೊಂದು ಕಡೆ ಮಳೆಯ ಲೆಕ್ಕ. ಮುತ್ತಿಗೆ ಹಾಕಿದವರೇ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಹಾಗೆ. ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಗೋಡೆ ಒಡೆಯಬೇಕು. ಎಲ್ಲಿ ಒಡೆಯಬೇಕು?

ನೆಲದ ಕಡೆ ಕಂದಕದ ಮೇಲೆ ಕಂದಕ, ಗೋಡೆಯ ಮೇಲೆ ಗೋಡೆ. ನದಿಯ ಕಡೆ ಅಷ್ಟಿರಲಿಲ್ಲ, ಏಕೆಂದರೆ ಅಲ್ಲಿ ನದಿ ಇತ್ತು. ಎದುರು ದಡದಿಂದ ನೋಡಿದರೆ ಗೋಡೆ ಬುಡದವರೆಗೂ ಕಣ್ಣಿಗೆ ಕಾಣುತ್ತಿತ್ತು. ಫಿರಂಗಿಗೆ ಬೇಕಾದದ್ದೂ ಅದೇ. ಜುಲೈನಲ್ಲಿ ಎಲ್ಲಕ್ಕಿಂತ ಬಲವಾಗಿದ್ದ ಮುಖ ಮೇ ತಿಂಗಳಲ್ಲಿ ಎಲ್ಲಕ್ಕಿಂತ ಸಡಿಲ. ಪಶ್ಚಿಮದ ಮೂಲೆಯ ಹತ್ತಿರ ಗುಂಡಿನ ಮೇಲೆ ಗುಂಡು ಹಾಕಿ ಮೇ 3ರ ಹೊತ್ತಿಗೆ ಗೋಡೆ ಕೆಡವಿದರು.

ಮೇ 4, ಮಧ್ಯಾಹ್ನ ಒಂದು ಗಂಟೆ. ಉರಿ ಬಿಸಿಲು. ಊಟದ ಹೊತ್ತು. ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು, ಬಿಳಿಯರೂ ಇಲ್ಲಿಯವರೂ ಸೇರಿ, ಕಾಲುವೆಯಂತೆ ತೋಡಿದ ಮರೆಗಳಿಂದ ಎದ್ದು ನದಿಗೆ ಇಳಿದರು. ಮುಂದಾಳು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಪಟ್ಟಣದ ಸೆರೆಯಲ್ಲಿ ಸುಮಾರು ಮೂರೂವರೆ ವರ್ಷ ಸಂಕೋಲೆ ತೊಟ್ಟಿದ್ದವನು. ನದಿಯಲ್ಲಿ ಕೆಲವೆಡೆ ಪಾದ ಮುಳುಗುವಷ್ಟು ನೀರು, ಕೆಲವೆಡೆ ಎದೆಮಟ್ಟ. ಪಾಚಿ ಹಿಡಿದ ಬಂಡೆಯ ಮೇಲೆ ಜಾರುತ್ತ ಏಳುತ್ತ ದಾಟಿದರು. ಗೋಡೆಯ ಮೇಲೆ ಬಾವುಟ ಕಾಣಿಸಿಕೊಳ್ಳಲು ಹಿಡಿದದ್ದು ಏಳೆಂಟು ನಿಮಿಷಕ್ಕಿಂತ ಹೆಚ್ಚಲ್ಲ. ಅಲ್ಲಿಂದ ಎರಡು ಭಾಗವಾಗಿ ಗೋಡೆಯ ಮೇಲೆಯೇ ಎಡಕ್ಕೂ ಬಲಕ್ಕೂ ಓಡಿದರು. ಉತ್ತರದ ಗೋಡೆಯ ಕಡೆ, ಬಾಗಿಲೊಂದರ ಬಳಿ ಟಿಪ್ಪು ಹೋರಾಡುತ್ತ ಬಿದ್ದ. ಕತ್ತಲಾದ ಮೇಲೆ ಹೆಣಗಳ ರಾಶಿಯಲ್ಲಿ ಅವನ ದೇಹ ಹುಡುಕಿದರು. ಮರುದಿನ ಸಂಜೆ ಗುಂಬಜ್‌ನಲ್ಲಿ ಅವನನ್ನು ತಂದೆಯ ಮಗ್ಗುಲಲ್ಲಿ ಮಣ್ಣು ಮಾಡಿದ ದಿನ ಗುಡುಗು ಸಿಡಿಲಿನ ಭಾರಿ ಮಳೆ ಸುರಿಯಿತೆಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಒಂದು ದಿನ ತಡವಾಗಿ ಬಂದ ಮಳೆ. ಆ ಒಂದು ಮಳೆಗೆ ನದಿ ತುಂಬುತ್ತಿರಲಿಲ್ಲ ನಿಜ. ಆದರೂ ಓದುವಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ.

ಮೀರ್ ಸಾದಿಕ್‌ನ ವಿಷಯ ಎಲ್ಲಿ ಹೋಯಿತು ಎಂದು ಹಿಂದೆ ಕುಳಿತಿರುವ ಯಜಮಾನರು ಕೇಳುತ್ತಿದ್ದಾರೆ. ಸಂಬಳ ಹಂಚುವ ನೆಪದಲ್ಲಿ ಆತ ಕಾವಲಿನವರನ್ನು ಗೋಡೆಯಿಂದ ಇಳಿಸಿದ ಎಂಬ ಕಥೆ ನಾಟಕದಲ್ಲಿ, ಲಾವಣಿಯಲ್ಲಿ, ಸಿನಿಮಾದಲ್ಲಿ ಎಲ್ಲ ಕಡೆ ಇದೆ. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಲಗ್ಗೆಯ ದಿನವೇ ಅವನೂ ಸತ್ತ. ನನ್ನ ಮಟ್ಟಿಗೆ ಹೇಳುವುದಾದರೆ, ದ್ರೋಹದ ಕಥೆ ನಮಗೆ ಇಷ್ಟವಾಗುವುದು ಅದರಲ್ಲಿ ಬೈಯಲು ಒಬ್ಬ ಮನುಷ್ಯ ಸಿಗುತ್ತಾನೆಂದು. ನದಿಯನ್ನು ಬೈಯಲಾಗುವುದಿಲ್ಲ. ದ್ರೋಹ ನಡೆದಿದ್ದರೂ ಅದು ಫಲಿಸಬೇಕಾದರೆ ನದಿ ಒಣಗಿರಲೇಬೇಕಿತ್ತು. ತುಂಬಿದ ಕಾವೇರಿಯ ಮುಂದೆ ಕಾವಲಿಲ್ಲದ ಗೋಡೆಯನ್ನೂ ಆ ಮಧ್ಯಾಹ್ನ ಹತ್ತಲಾಗುತ್ತಿರಲಿಲ್ಲ.

ಗೋಡೆ ಬಿದ್ದ ಮೇಲೆ ಊರು ಏನಾಯಿತು? ಚರಿತ್ರೆಯ ಪುಸ್ತಕಗಳು ಈ ಹೊತ್ತಿಗೆ ಮೈಸೂರಿಗೆ ಹೊರಟುಬಿಟ್ಟಿರುತ್ತವೆ, ರಾಜಧಾನಿ ಅಲ್ಲಿಗೆ ಹೋಯಿತಲ್ಲ. ನಾವು ಸ್ವಲ್ಪ ಹೊತ್ತು ಪಟ್ಟಣದಲ್ಲೇ ಇರೋಣ. ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಅಪ್ಪಣೆಯ ಮೇಲೆ ಈ ಸೀಮೆಯನ್ನೆಲ್ಲ ಸುತ್ತಿ ಬೆಳೆ, ಜಾತಿ, ಕಸುಬು ಎಲ್ಲವನ್ನೂ ಬರೆದುಕೊಂಡ. ಗೋಡೆಯ ಹಿಂದೆ ಗೋಡೆ ಎಬ್ಬಿಸಿದ ಆ ಕೋಟೆ ಅವನಿಗೆ ರುಚಿಸಲೇ ಇಲ್ಲ. ಅವನು ಕೊಟ್ಟ ಲೆಕ್ಕದಂತೆ ಕೋಟೆಯೊಳಗೆ 4163 ಮನೆ, ಹೊರಗಿನ ಗಂಜಾಂ ಪೇಟೆಯಲ್ಲಿ 2216. ಮನೆಗೆ ಐದು ಜನ ಎಂದು ಹಿಡಿದು ಒಟ್ಟು 31,895 ಎಂದು ಬರೆದ. ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯಲ್ಲಿ ಒಂದೂವರೆ ಲಕ್ಷ ಜನವಿದ್ದರೆಂಬುದು ಅವನ ಅಂದಾಜು. ಅಂದಾಜನ್ನು ಅಂದಾಜೆಂದೇ ತೆಗೆದುಕೊಳ್ಳೋಣ. ಆದರೂ ಐದು ಮನೆಯಲ್ಲಿ ನಾಲ್ಕು ಬಾಗಿಲು ಹಾಕಿದ ಹಾಗೆ.

ಆ ಗಂಜಾಂ ಪೇಟೆಯಲ್ಲಿ ನಮ್ಮ ಜಿಲ್ಲೆಯವರಿದ್ದರು. ಪೇಟೆ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ತಂದು ನೆಲೆಗೊಳಿಸಿದರೆಂದು ಗೆಜೆಟಿಯರ್ ಹೇಳುತ್ತದೆ. ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾ ಆಗ ಖಾಲಿಯಾಯಿತು, ಮುಂದೆ ಪಟ್ಟಣವೂ ಖಾಲಿಯಾಯಿತು. ಆ ಸಂಸಾರಗಳು ಎರಡನೆಯ ಸಲ ಗಂಟುಮೂಟೆ ಕಟ್ಟಿ ಎಲ್ಲಿಗೆ ಹೋದವು? ರಾಜಧಾನಿಗಳ ಕಥೆ ಬರೆದವರು ಗಾಡಿ ಹೊಡೆದವರ ಕಥೆ ಬರೆಯಲಿಲ್ಲ.

ಉಳಿದವರನ್ನು ಜ್ವರ ಹಿಡಿಯಿತು. ಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರು ಸೊಳ್ಳೆ ತರುವ ಜ್ವರಕ್ಕೆ ಸತ್ತು ಸತ್ತು, ಕೊನೆಗೆ ದಂಡನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ಬೆಂಗಳೂರಿನ ದಂಡು ಪ್ರದೇಶ ಬೆಳೆದದ್ದಕ್ಕೆ ಕಾವೇರಿಯ ಈ ಜ್ವರವೂ ಒಂದು ಕಾರಣ. ನದಿ ಹೀಗೂ ಒಂದು ಸೇಡು ತೀರಿಸಿಕೊಂಡಿತು ಎನ್ನಬಹುದು, ನದಿಗೆ ಅಂಥ ಬುದ್ಧಿ ಇದ್ದರೆ.

ದಿವಾನ್ ಪೂರ್ಣಯ್ಯನವರು 1804ರಲ್ಲಿ ನದಿಯ ಉತ್ತರದ ಕವಲಿಗೆ ಕಲ್ಲಿನ ಕಂಬಗಳ ಸೇತುವೆ ಕಟ್ಟಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಎಷ್ಟೋ ಪ್ರವಾಹ ಕಂಡೂ ಅದು ನಿಂತಿದೆ. ನದಿಯನ್ನು ಗೋಡೆಯೆಂದು ಕಾಪಾಡಿಕೊಂಡ ಊರಿಗೆ ಐದೇ ವರ್ಷದಲ್ಲಿ ನದಿ ಒಂದು ಅಡಚಣೆಯಾಗಿತ್ತು, ದಾಟಲು ದಾರಿ ಬೇಕಾಗಿತ್ತು. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಬಂತು. ಹಳಿಗೆ ದಾರಿ ಕೊಡಲು ಕೋಟೆಯ ಗೋಡೆಯನ್ನೇ ಸೀಳಿದರು. ಅದೇ ಹಳಿಯನ್ನು ಜೋಡಿ ಮಾಡುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನ ಮನೆ ಅಡ್ಡ ಬಂತು. 2017ರಲ್ಲಿ ಆ ಇಡೀ ಕಟ್ಟಡವನ್ನು, ಸುಮಾರು 900 ಟನ್ ತೂಕದ್ದನ್ನು, ಬುಡದಿಂದ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿ ಇಟ್ಟರು. 1880ರ ಎಂಜಿನಿಯರುಗಳು ಗೋಡೆಯನ್ನು ಸೀಳಿ ಹೋದರು, 2017ರವರು ಕಟ್ಟಡವನ್ನು ಹೊತ್ತು ಸರಿಸಿದರು. ನೂರಮೂವತ್ತೈದು ವರ್ಷದಲ್ಲಿ ಇಷ್ಟಾದರೂ ಬದಲಾಯಿತಲ್ಲ ಎಂದು ವರದಿ ಓದಿದಾಗ ನನಗೆ ಸಮಾಧಾನವಾಗಿತ್ತು.

ನದಿಯ ಪಂಚಾಂಗವೂ ಬದಲಾಯಿತು. ಪಟ್ಟಣದಿಂದ ಹದಿನೈದು ಕಿಲೋಮೀಟರಿನಷ್ಟು ಮೇಲೆ, ಕಾರ್ನ್‌ವಾಲಿಸ್ ತೋಪು ಹಾಳು ಮಾಡಿದ ಅದೇ ಕಣ್ಣಂಬಾಡಿಯಲ್ಲಿ, 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಗಿ ಇಪ್ಪತ್ತು ವರ್ಷ ನಡೆಯಿತು. ಕಟ್ಟುವಾಗ ಒಂದು ಪಾರ್ಸಿ ಶಾಸನ ಸಿಕ್ಕಿತು. ಅದು ಟಿಪ್ಪುವಿನದು, 1794ರದು. ಇಲ್ಲಿ ಕಾವೇರಿಗೆ ಅಣೆಕಟ್ಟು ಹಾಕಲು ಅಡಿಗಲ್ಲಿಟ್ಟಿರುವೆನೆಂದು ಅದರಲ್ಲಿದೆ. ಅಣೆಕಟ್ಟೆಯ ಬಾಗಿಲ ಬಳಿ ಇಂದಿಗೂ ಇಟ್ಟಿದ್ದಾರೆ, ಬೃಂದಾವನ ನೋಡಲು ಓಡುವ ಆತುರದಲ್ಲಿ ಬಹಳ ಜನ ಗಮನಿಸುವುದಿಲ್ಲ. 1792ರಲ್ಲಿ ಶತ್ರು ಒಣ ನದಿಯನ್ನು ದಾಟಿ ಬಂದದ್ದನ್ನು ಕಂಡವನು ಎರಡೇ ವರ್ಷದಲ್ಲಿ ಆ ನದಿಯ ನೀರನ್ನು ಹಿಡಿದಿಡುವ ಮಾತಾಡಿದ್ದ. ಶಾಸನ ಹೇಳುವುದು ಬೇಸಾಯದ ಮಾತನ್ನು. ಕೋಟೆಯ ಯೋಚನೆಯೂ ಅವನ ಮನಸ್ಸಿನಲ್ಲಿತ್ತೇ ಎಂಬುದು ನನ್ನ ಕುತೂಹಲ ಮಾತ್ರ.

ಬ್ರಿಟನಿಯ ರಾನ್ಸ್ ನದಿಗೂ 1966ರಲ್ಲಿ, ಸಮುದ್ರ ಸೇರುವ ಜಾಗದಲ್ಲಿ ಕಟ್ಟೆ ಬಂತು. ಉಬ್ಬರವಿಳಿತದಿಂದ ವಿದ್ಯುತ್ ತೆಗೆಯುವ ಸ್ಥಾವರ ಅದು. ಅಲ್ಲಿ ನೀರು ಏರಿಳಿಯುವುದನ್ನು ಈಗ ಚಂದ್ರನ ಜೊತೆ ಯಂತ್ರವೂ ನಿರ್ಧರಿಸುತ್ತದೆ.

ಇವತ್ತು ಪಟ್ಟಣದ ಗೋಡೆಯೊಳಗೆ ಜನ ವಾಸವಾಗಿದ್ದಾರೆ. ಗೋಡೆಗೆ ಆನಿಸಿ ಒಗೆದ ಬಟ್ಟೆ ಹರವುತ್ತಾರೆ, ಕಂದಕದ ಅಂಚಿನಲ್ಲಿ ದನ ಕಟ್ಟುತ್ತಾರೆ. ಒಳಗಿನ ಹಲವು ಸ್ಮಾರಕಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಅಂಥ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಕೋಟೆಯ ಊರಿನಲ್ಲಿ ಈ ನೂರು, ಇನ್ನೂರು ಮೀಟರುಗಳು ಒಂದರ ಮೇಲೊಂದು ಬೀಳುತ್ತವೆ. ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಬೇಕಾದರೂ ಕಚೇರಿಗೆ ಅಲೆಯಬೇಕು ಎಂದು ಅಲ್ಲಿಯ ಅಜ್ಜಿಯೊಬ್ಬರು ನನ್ನೊಡನೆ ಗೊಣಗಿದರು. ಅವರ ಗೊಣಗಾಟ ನ್ಯಾಯವಾದದ್ದು. ಆದರೆ ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉತ್ತರ ಬೇಕು. ನಮ್ಮ ಎಷ್ಟು ಊರುಗಳ ಹಳೆಯ ಕೋಟೆ ಈಗ ಮನೆಗಳ ತಳಪಾಯದಲ್ಲಿದೆ, ಚರಂಡಿಯ ಚಪ್ಪಡಿಯಲ್ಲಿದೆ? ನನಗೆ ಎರಡೂ ಕಡೆಯ ವಾದ ಕೇಳಿ ತಲೆ ತಿರುಗುತ್ತದೆ. ಅಜ್ಜಿಯ ಮನೆಯನ್ನು ಸ್ಮಾರಕದ ಶತ್ರು ಎಂದು ಬಗೆಯದೆ, ಐನೂರು ವರ್ಷದಿಂದ ಊರೊಂದು ಗೋಡೆಯೊಳಗೆ ಬದುಕಿದ್ದೇ ಅದರ ವಿಶೇಷ ಎಂದು ಒಪ್ಪಿಕೊಂಡು ನಿಯಮ ಮಾಡಬೇಕು ಎಂಬಷ್ಟು ಮಾತ್ರ ಹೇಳಬಲ್ಲೆ.

ಮಕ್ಕಳು ಆಗಲೇ ಎದ್ದು ನಿಲ್ಲುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ ಹರಿಯುವ ಶಿಂಷಾ ಕೂಡ ಕೊನೆಗೆ ಕಾವೇರಿಗೇ ಸೇರುತ್ತದೆ. ಆದರೆ ಪಟ್ಟಣವನ್ನು ದಾಟಿದ ಮೇಲೆ, ಶಿವನಸಮುದ್ರದಿಂದಲೂ ಕೆಳಗೆ. ಆದ್ದರಿಂದ ಮಾರ್ಕೋನಹಳ್ಳಿ ಜಲಾಶಯ ಕೋಡಿ ಹರಿದರೂ ಆ ನೀರು ಪಟ್ಟಣದ ಗೋಡೆಯನ್ನು ಮುಟ್ಟುವುದಿಲ್ಲ. ಇಲ್ಲಿಂದ ಅಲ್ಲಿಗೆ ಹೋದದ್ದು ನೀರಲ್ಲ, ಹುತ್ರಿದುರ್ಗದ ಅಕ್ಕಿ. ಮುಂದಿನ ಸಲ ಬೆಟ್ಟ ಹತ್ತಿದಾಗ ಮೇಲೆ ನಿಂತು ದಕ್ಷಿಣಕ್ಕೆ ನೋಡಿ. ಹೇರೆತ್ತುಗಳು ಹೋದದ್ದು ಆ ಕಡೆಗೆ.

ನಮ್ಮ ಪತ್ರಿಕೆಯಲ್ಲಿ ಮಳೆಗಾಲ ಬಂತೆಂದರೆ ದಿನವೂ ಒಂದು ಸಣ್ಣ ಚೌಕಟ್ಟು ಹಾಕುತ್ತೇವೆ. ಕೆಆರ್‌ಎಸ್: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅಣೆಕಟ್ಟೆ ತುಂಬಿ ಗೇಟು ತೆರೆಯುವ ದಿನ ನದಿ ಪಾತ್ರದ ಜನ ಎಚ್ಚರದಿಂದಿರಬೇಕು ಎಂಬ ಪ್ರಕಟಣೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಚೌಕಟ್ಟಿನ ಅಂಕಿ ತುಂಬುವುದು ನನ್ನ ಪಾಲಿಗೆ ಬಂದಿತ್ತು, ತೀರಾ ಬೇಸರದ ಕೆಲಸ. ಪಟ್ಟಣದ ಮೂಲೆಯಲ್ಲಿ ನಿಂತು ಬಂದ ಮೇಲೆ ಒಮ್ಮೆ ಅಂಕಿ ಬರೆಯುವಾಗ ಹೊಳೆಯಿತು. ಇನ್ನೂರು ವರ್ಷದ ಹಿಂದೆ ಇದೇ ಸುದ್ದಿಗಾಗಿ ಗೋಡೆಯ ಒಳಗಿದ್ದವರೂ ಎದುರು ದಡದವರೂ ದಿನ ಬೆಳಗಾದರೆ ನದಿಯ ಬಂಡೆಗಳನ್ನು ಎಣಿಸುತ್ತಿದ್ದರು.